ಹಳದಿ ಹಚ್ಚದೆ ಬಿಟ್ಟ ಸಾಲು

2023ರ ಜುಲೈ 18. ಸಂಜೆ ಐದರ ಹೊತ್ತು. ಬಳ್ಳಾರಿ ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್‌ನ ಜೂನ್ ತಿಂಗಳ ಲೆಕ್ಕ ನನ್ನ ಮುಂದಿತ್ತು. ಎಡಗಡೆ ಅವರ ಖರೀದಿ ಪಟ್ಟಿ, ಬಲಗಡೆ ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಂಡ 2ಬಿ, ಅಂದರೆ ಮಾರಿದವರು ತಾವು ಕೊಟ್ಟೆವು ಅಂತ ತೋರಿಸಿದ ಬಿಲ್ಲುಗಳ ಪಟ್ಟಿ. ಒಂದೊಂದೇ ಬಿಲ್ ತಾಳೆ ನೋಡುತ್ತಾ ಬರುತ್ತಿದ್ದೆ.

ಅಹಮದಾಬಾದಿನಿಂದ ಬಂದ ಡೆನಿಮ್ ಬಟ್ಟೆಯ ಒಂದು ಬಿಲ್ ಬಂತು. ಬಟ್ಟೆಯ ಬೆಲೆ 1,86,400 ರೂಪಾಯಿ, ಶೇ. 5ರಂತೆ ತೆರಿಗೆ 9,320. ಬಿಲ್ ಮೇ ತಿಂಗಳದ್ದು, ಆದರೆ ಮಾಲು ಕೈಗೆ ಸಿಕ್ಕಿದ್ದು ಜೂನ್ ಮೊದಲ ವಾರ. ಖರೀದಿಗೆ ಕೊಟ್ಟ ತೆರಿಗೆಯನ್ನು ಮಾರಾಟದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಕ್ರೆಡಿಟ್ ಅನ್ನುತ್ತೇವೆ. ಮಾಲು ಬಾರದೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಹಾಗಾಗಿ ಮೇ ಲೆಕ್ಕದಲ್ಲಿ ಬಿಟ್ಟಿದ್ದೆ, ಜೂನ್‌ನಲ್ಲಿ ಸೇರಿಸಿದೆ. ಸೇರಿಸಿದ ಮೇಲೆ ಆ ಸಾಲಿಗೆ ಹಳದಿ ಬಣ್ಣ ಹಚ್ಚುತ್ತೇನೆ. ಹಳದಿ ಇದ್ದರೆ ಮುಗಿದಿದೆ, ಇಲ್ಲದಿದ್ದರೆ ಬಾಕಿ ಇದೆ. ಎಷ್ಟೋ ವರ್ಷದಿಂದ ಹೀಗೇ ಮಾಡಿಕೊಂಡು ಬಂದಿದ್ದೇನೆ.

ಹಳದಿ ಹಚ್ಚಬೇಕು ಅನ್ನುವಷ್ಟರಲ್ಲಿ ಪರದೆಯ ಮೂಲೆಯಲ್ಲಿ ಹೊಸ ಮೇಲ್ ಬಂದಿದ್ದು ಕಾಣಿಸಿತು. ತೆರೆದೆ. ಬೇರೆ ಪಾರ್ಟಿಯ (ನಮ್ಮಲ್ಲಿ ಲೆಕ್ಕ ಮಾಡಿಸುವವರನ್ನು ಪಾರ್ಟಿ ಅನ್ನುತ್ತೇವೆ) ಬ್ಯಾಂಕ್ ಸ್ಟೇಟ್‌ಮೆಂಟ್. ಅದೇನೂ ಅವಸರದ್ದಲ್ಲ. "ಸಿಕ್ಕಿತು, ನೋಡುತ್ತೇನೆ" ಅಂತ ಒಂದು ಸಾಲು ಬರೆದು ಕಳಿಸಿದೆ. ಅದರ ಕೆಳಗೆ ಇನ್ನೆರಡು ಓದದ ಮೇಲ್ ಇದ್ದವು. ಅವನ್ನೂ ನೋಡಿದೆ. ವಾಪಸ್ ಬಂದಾಗ ಆ ಡೆನಿಮ್ ಬಿಲ್ಲಿನ ಸಾಲು ಬೆಳ್ಳಗೇ ಇತ್ತು. ಓಹೋ, ಇದು ಬಾಕಿ ಇದೆ ಅಂದುಕೊಂಡು ಇನ್ನೊಮ್ಮೆ ಸೇರಿಸಿದೆ. ಈ ಸಲ ಹಳದಿಯನ್ನೂ ಹಚ್ಚಿದೆ.

9,320 ರೂಪಾಯಿ ಎರಡು ಸಲ ಹೋಯಿತು. 20ಕ್ಕೆ 3ಬಿ, ಅಂದರೆ ತಿಂಗಳ ತೆರಿಗೆ ಲೆಕ್ಕ ಹಾಕಿ ಕಟ್ಟುವ ರಿಟರ್ನ್, ಫೈಲ್ ಆಯಿತು.

ತಪ್ಪು ಗೊತ್ತಾಗಿದ್ದು ಆಗಸ್ಟ್‌ನಲ್ಲಿ. ಪುಸ್ತಕದ ಕ್ರೆಡಿಟ್‌ಗೂ ಪೋರ್ಟಲ್‌ನ ಕ್ರೆಡಿಟ್‌ಗೂ ಹೊಂದಾಣಿಕೆ ಆಗಲಿಲ್ಲ. ಎಲ್ಲಿ ಅಂತ ಹುಡುಕಲು ಎರಡು ದಿನ ಹಿಡಿಯಿತು. ತಪ್ಪಾಗಿ ತೆಗೆದುಕೊಂಡದ್ದನ್ನು ವಾಪಸ್ ಮಾಡಿ, ವರ್ಷಕ್ಕೆ ಶೇ. 18ರ ಲೆಕ್ಕದಲ್ಲಿ 31 ದಿನದ ಬಡ್ಡಿ ಕಟ್ಟಿದೆ. 142 ರೂಪಾಯಿ. ದುಡ್ಡು ಸಣ್ಣದು, ಅದನ್ನು ನನ್ನ ಕೈಯಿಂದಲೇ ಕೊಟ್ಟೆ. ಆದರೆ ಆ ಎರಡು ದಿನ? ಆ ಪಾರ್ಟಿಯ ಯಜಮಾನರ ಮುಂದೆ ಕೂತು "ತಪ್ಪು ನನ್ನದು ಭಾಯ್" ಅಂತ ಹೇಳುವಾಗ ಆದ ಸಂಕಟ? ಅದಕ್ಕೆ ಲೆಕ್ಕ ಇಲ್ಲ. ಅವರು ಒಳ್ಳೆಯವರು. "ಆಯ್ತು ಬಿಡ್ರೀ ಮೇಡಂ, ಮನುಷ್ಯರ ಕೈಯಾಗ ಆಗ್ತೈತಿ" ಅಂದರು. ನನಗೆ ಮಾತ್ರ ಅಷ್ಟು ಸುಲಭಕ್ಕೆ ಬಿಡಲು ಆಗಲಿಲ್ಲ. ಆವತ್ತು ರಾತ್ರಿ ನಿದ್ದೆ ಬರದೆ ಯೋಚನೆ ಮಾಡಿದೆ. ನನಗೆ ಲೆಕ್ಕ ಬರುವುದಿಲ್ಲವೇ? ಬರುತ್ತದೆ. ಗಮನ ಇಲ್ಲವೇ? ಇದೆ. ಹಾಗಾದರೆ ಆ ಹಳದಿ ಹಚ್ಚುವ ಎರಡು ಸೆಕೆಂಡ್ ಎಲ್ಲಿ ಹೋಯಿತು?

ನನ್ನ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು. ಬಳ್ಳಾರಿಯಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ನಾನು. ಎರಡು ಕೋಣೆಯ ಆಫೀಸು, ಜೊತೆಗೆ ಒಬ್ಬಳು ಹುಡುಗಿ. 58 ಪಾರ್ಟಿಗಳಿವೆ. ಜೀನ್ಸ್ ಯೂನಿಟ್‌ಗಳು, ಹಾರ್ಡ್‌ವೇರ್ ಅಂಗಡಿಗಳು, ಲಾರಿ ಮಾಲೀಕರು, ಸಿರುಗುಪ್ಪ ಕಡೆಯ ಎರಡು ರೈಸ್ ಮಿಲ್. ತಿಂಗಳು ಅಂದರೆ ನಮಗೆ ನಾಲ್ಕು ತಾರೀಖು. 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ರಿಟರ್ನ್, 14ಕ್ಕೆ 2ಬಿ ಬರುತ್ತದೆ, 20ಕ್ಕೆ 3ಬಿ. 14ರಿಂದ 20ರವರೆಗಿನ ಆರು ದಿನವೇ ನಿಜವಾದ ಕೆಲಸ. ಬಿಲ್ಲಿಗೆ ಬಿಲ್ ಕೂಡಿಸಿ ನೋಡುವ ಕೆಲಸ. ಅದಕ್ಕೆ ಒಂದೇ ಸಮನೆ ಗಮನ ಬೇಕು. ಅದೇ ಆರು ದಿನ ಮೇಲ್ ಕೂಡ ಜಾಸ್ತಿ ಬರುತ್ತದೆ.

ಇನ್ನೊಂದು ತೊಡಕಿತ್ತು. ಜಿಎಸ್‌ಟಿ 2017ರ ಜುಲೈ 1ಕ್ಕೆ ಬಂದಾಗ ನಮ್ಮ ಪಾರ್ಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಮೇಲ್ ಐಡಿಯೇ ಇರಲಿಲ್ಲ. "ನಿಮ್ಮದೇ ಹಾಕ್ರೀ ಅಕ್ಕಾ" ಅಂದರು, ಹಾಕಿಬಿಟ್ಟೆ. ನನ್ನಂಥವರು ಎಷ್ಟೋ ಜನ ಹೀಗೇ ಮಾಡಿದ್ದಾರೆ. ಹಾಗಾಗಿ ಅವರ ಓಟಿಪಿ, ಪೋರ್ಟಲ್‌ನ ಸೂಚನೆ, ಅವರು ಕಳಿಸುವ ಬಿಲ್‌ಗಳು, ಬ್ಯಾಂಕ್‌ನವರ ಜಾಹೀರಾತು, ಸಾಫ್ಟ್‌ವೇರ್ ಮಾರುವವರ ಕಾಗದ ಎಲ್ಲ ಬಂದು ಬೀಳುತ್ತಿದ್ದುದು ಒಂದೇ ಡಬ್ಬಿಗೆ.

ಹೊಸ ಮೇಲ್ ಬಂದಾಗ ನೋಡುವುದು ಒಂದು ಮಾತು. ನಾನು ಬರದಿದ್ದಾಗಲೂ ನೋಡುತ್ತಿದ್ದೆ. ಎಷ್ಟು ಸಲ ಅಂತ ನನಗೇ ತಿಳಿಯಬೇಕಿತ್ತು. ನಮ್ಮ ಹುಡುಗಿಗೆ ಒಂದು ಹಾಳೆ ಕೊಟ್ಟು, "ನಾನು ಮೇಲ್ ತೆರೆದಾಗೆಲ್ಲ ಒಂದು ಗೀಟು ಎಳಿ" ಅಂದೆ. ಕಂಪ್ಯೂಟರ್ ಆಗಲಿ ಮೊಬೈಲ್ ಆಗಲಿ, ಎಲ್ಲ ಸೇರಿಸಿ. ಬೆಳಿಗ್ಗೆ ಹತ್ತರಿಂದ ಸಂಜೆ ಆರೂವರೆವರೆಗೆ 71 ಗೀಟು. ಆವತ್ತು ಬಂದ ಮೇಲ್ 34. ಅದರಲ್ಲಿ ಆವತ್ತೇ ಉತ್ತರ ಕೊಡಬೇಕಾದದ್ದು ಮೂರು. ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಯಾಕೆ ಹಾಗೆ ನೋಡುತ್ತಿದ್ದೆ? ಚಟ ಅಂತ ಸುಮ್ನೆ ಹೇಳಿ ಮುಗಿಸಬಹುದು. ನನ್ನ ವಿಷಯದಲ್ಲಿ ಅದು ಹೆದರಿಕೆ. 2021ರಲ್ಲಿ ಒಂದು ಘಟನೆ ನಡೆದಿತ್ತು. ಒಬ್ಬ ಪಾರ್ಟಿಯವರು ಹೊಲಿಗೆ ಯೂನಿಟ್ಟನ್ನು ಒಂದು ಗಲ್ಲಿಯಿಂದ ಇನ್ನೊಂದು ಗಲ್ಲಿಗೆ ಬದಲಿಸಿದ್ದರು. ವಿಳಾಸ ಬದಲಾಯಿಸಿಲ್ಲ, ನನಗೂ ಹೇಳಿರಲಿಲ್ಲ. ಹಳೆ ಜಾಗದಲ್ಲಿ ವ್ಯಾಪಾರ ಇಲ್ಲ ಅಂತ, ನೋಂದಣಿ ಯಾಕೆ ರದ್ದು ಮಾಡಬಾರದು ಎಂದು ಕಾರಣ ಕೇಳಿ ನೋಟಿಸ್ ಬಂತು. ಉತ್ತರಕ್ಕೆ 7 ಕೆಲಸದ ದಿನ. ಆ ಮೇಲ್ ನನ್ನ ಸ್ಪ್ಯಾಮ್‌ಗೆ ಹೋಗಿ ಕೂತಿತ್ತು. ನಾನು ನೋಡುವ ಹೊತ್ತಿಗೆ ಗಡುವು ಮುಗಿದು ನೋಂದಣಿ ರದ್ದಾಗಿತ್ತು. ರದ್ದಾದ ಮೇಲೆ ಇ-ವೇ ಬಿಲ್ ಆಗುವುದಿಲ್ಲ. 50,000 ರೂಪಾಯಿ ದಾಟಿದ ಮಾಲು ಇ-ವೇ ಬಿಲ್ ಇಲ್ಲದೆ ಹೊರಡುವಂತಿಲ್ಲ. ಹೊಲಿದು, ಒಗೆದು, ಬಂಡಲ್ ಕಟ್ಟಿದ ಪ್ಯಾಂಟುಗಳು ಗೋಡೆಗೆ ಒರಗಿ ಕೂತವು. ನೋಂದಣಿ ವಾಪಸ್ ಬರುವವರೆಗೆ ಮೂರು ವಾರಕ್ಕೂ ಜಾಸ್ತಿ ದಿನ ಆ ಯೂನಿಟ್‌ನ ಹೊಲಿಗೆಯವರು ಕೆಲಸ ಇಲ್ಲದೆ ಮನೆಯಲ್ಲಿದ್ದರು. ಒಬ್ಬ ಹೆಣ್ಣುಮಗಳು ನನ್ನ ಆಫೀಸಿಗೇ ಬಂದು, "ಅಕ್ಕಾರ, ಯಾವಾಗ ಶುರು ಆಗ್ತೈತ್ರೀ?" ಅಂತ ಕೇಳಿದಳು. ಆ ದನಿ ನನ್ನ ಕಿವಿಯಿಂದ ಹೋಗಿಲ್ಲ.

ಅವತ್ತಿನಿಂದ ಮೇಲ್ ನೋಡುವುದು ನನಗೆ ಮನೆ ಬೀಗ ಹಾಕಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ಹೋಗಿ ನೋಡಿದ ಹಾಗಾಯಿತು.

ಇದನ್ನು ಯಾಕಿಷ್ಟು ಹೇಳುತ್ತಿದ್ದೇನೆ ಅಂದರೆ, "ಮೇಲ್ ಕಡಿಮೆ ನೋಡಿ" ಅಂತ ಹೇಳುವವರು ಬಹಳ ಜನ ಇದ್ದಾರೆ. ಆದರೆ ಪ್ರತಿಯೊಬ್ಬರೂ ಯಾವುದೋ ಒಂದು ಕಾರಣಕ್ಕೆ ನೋಡುತ್ತಿರುತ್ತಾರೆ. ಆ ಕಾರಣಕ್ಕೆ ಬೇರೆ ದಾರಿ ಮಾಡದೆ ಬರೀ ಕೈ ಕಟ್ಟಿಕೊಂಡರೆ ನಿಲ್ಲುವುದಿಲ್ಲ. ನಾನು ಅದನ್ನು ಮಾಡಿ ನೋಡಿ ಸೋತಿದ್ದೇನೆ.

ಆ ಆಗಸ್ಟ್‌ನಲ್ಲಿ ಈ ವಿಷಯದ ಬಗ್ಗೆ ಒಂದಿಷ್ಟು ಓದಿದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಬರೆದದ್ದು ನನಗೆ ನೇರವಾಗಿ ನಾಟಿತು. ಒಂದು ಕೆಲಸ ಮುಗಿಸದೆ ಇನ್ನೊಂದಕ್ಕೆ ಹೋದರೆ ಮನಸ್ಸಿನ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಮುಂದಿನದ್ದು ಅದರಿಂದ ಕೆಡುತ್ತದೆ ಎನ್ನುತ್ತಾರೆ ಅವರು. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅರ್ಧ ಬಡಿದ ರೊಟ್ಟಿ ಬಿಟ್ಟು ಬಾಗಿಲಿಗೆ ಹೋಗಿ ಬಂದರೆ ಹಿಟ್ಟು ಒಣಗಿರುತ್ತದೆ, ಅಂಚು ಬಿರಿಯುತ್ತದೆ. ಮತ್ತೆ ನೀರು ಹಚ್ಚಿ ನಾದಿ ಮೊದಲಿನಿಂದ ಬಡಿಯಬೇಕು. ಬಾಗಿಲಿಗೆ ಹೋಗಿ ಬಂದದ್ದು ಒಂದೇ ನಿಮಿಷ ಇರಬಹುದು. ಹಾಳಾದದ್ದು ರೊಟ್ಟಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ಮತ್ತು ಅವರ ಜೊತೆಯವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ಜನ ಆಫೀಸಿನವರಿಗೆ ಐದು ಕೆಲಸದ ದಿನ ಮೇಲ್ ಬಿಡಿಸಿ, ಎದೆಬಡಿತ ಅಳೆದು ನೋಡಿದ್ದರು. ಮೇಲ್ ಇಲ್ಲದ ದಿನಗಳಲ್ಲಿ ಅವರು ಒಂದೊಂದು ಕೆಲಸದಲ್ಲಿ ಜಾಸ್ತಿ ಹೊತ್ತು ನಿಂತರು, ಒತ್ತಡವೂ ಕಡಿಮೆಯಾಗಿತ್ತು. 13 ಜನ ಅಂದರೆ ಸಣ್ಣ ಗುಂಪು, ಒಪ್ಪುತ್ತೇನೆ. ಆದರೆ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಕುಶ್ಲೆವ್ ಮತ್ತು ಡನ್ 124 ಜನರನ್ನು ಎರಡು ವಾರ ಗಮನಿಸಿದರು. ಒಂದು ವಾರ ದಿನಕ್ಕೆ ಮೂರೇ ಸಲ ಮೇಲ್ ನೋಡಬೇಕು, ಇನ್ನೊಂದು ವಾರ ಬೇಕಾದಷ್ಟು ಸಲ. ಮೂರೇ ಸಲ ನೋಡಿದ ವಾರ ಒತ್ತಡ ಕಡಿಮೆ ಇತ್ತು ಅಂತ 2015ರಲ್ಲಿ ಪ್ರಕಟಿಸಿದರು. ಮೂರು ಸಲ ಎನ್ನುವ ಲೆಕ್ಕ ನಾನು ಹಿಡಿದದ್ದು ಅಲ್ಲಿಂದಲೇ.

ಮೊದಲ ಪ್ರಯತ್ನ ಹನ್ನೊಂದೂವರೆವರೆಗೆ ನಡೆಯಿತು. ಮೇಲ್ ಮುಚ್ಚಿ ಕೂತೆ. ಒಂದು ಗಂಟೆ ಚೆನ್ನಾಗಿತ್ತು. ಆಮೇಲೆ ಹೊಟ್ಟೆಯೊಳಗೆ ಏನೋ ಕಲಸಿದ ಹಾಗೆ. ನೋಟಿಸ್ ಬಂದಿದ್ದರೆ? ಮೊಬೈಲ್ ತೆಗೆದು ನೋಡಿದೆ. ಮರುದಿನ ಮೊಬೈಲನ್ನು ಅಲ್ಮೆರಾದಲ್ಲಿ ಇಟ್ಟೆ. ಆವತ್ತು ಬೇರೆ ಕಡೆಯಿಂದ ಸಿಕ್ಕಿಹಾಕಿಕೊಂಡೆ. ರಿಟರ್ನ್ ಫೈಲ್ ಮಾಡಲು ಓಟಿಪಿ ಬೇಕು. ಅದು ಪಾರ್ಟಿಯ ಮೊಬೈಲಿಗೂ ಬರುತ್ತದೆ, ನೋಂದಾಯಿಸಿದ ಮೇಲ್‌ಗೂ ಬರುತ್ತದೆ. ಪಾರ್ಟಿಯವರು ಮಧ್ಯಾಹ್ನ ಊಟಕ್ಕೋ ನಮಾಜಿಗೋ ಹೋಗಿದ್ದರೆ ಫೋನ್ ಎತ್ತುವುದಿಲ್ಲ. ನಾನು ಮೇಲ್ ತೆರೆಯಲೇಬೇಕು. ತೆರೆದರೆ ಓಟಿಪಿಯ ಕೆಳಗೆ ದಪ್ಪ ಅಕ್ಷರದಲ್ಲಿ ಒಂಬತ್ತು ಓದದ ಮೇಲ್. ಆರು ಅಂಕಿ ನೋಡಲು ಹೋಗಿ ಇಪ್ಪತ್ತು ನಿಮಿಷ ಅಲ್ಲೇ ಕಳೆದೆ.

ಆಗ ತಿಳಿಯಿತು. ನನಗೆ ಎರಡು ಗಂಟು ಬಿಚ್ಚಬೇಕಿದೆ. ಒಂದು ನೋಟಿಸಿನ ಹೆದರಿಕೆ, ಇನ್ನೊಂದು ಓಟಿಪಿ.

ನೋಟಿಸಿನದ್ದು ಮೊದಲು ಹೇಳುತ್ತೇನೆ. ಸ್ವಲ್ಪ ಕೂತು ಯೋಚಿಸಿದರೆ ನೋಟಿಸ್ ಇರುವುದು ಮೇಲ್‌ನಲ್ಲಿ ಅಲ್ಲ. ಅದು ಪೋರ್ಟಲ್‌ನಲ್ಲಿ ಇರುತ್ತದೆ. ಮೇಲ್ ಬರೀ ಡಂಗುರ. 2021ರಲ್ಲಿ ಮೇಲ್ ಸ್ಪ್ಯಾಮ್‌ಗೆ ಹೋದರೂ ನೋಟಿಸ್ ಪೋರ್ಟಲ್‌ನಲ್ಲೇ ಇತ್ತು, ನಾನು ಅಲ್ಲಿ ನೋಡಿರಲಿಲ್ಲ. ದಿನಕ್ಕೆ 71 ಸಲ ಮೇಲ್ ತೆರೆದರೂ ಸ್ಪ್ಯಾಮ್‌ಗೆ ಬಿದ್ದದ್ದು ನನಗೆ ಕಾಣುವುದಿಲ್ಲ ಅಲ್ವಾ? ಅಂದರೆ ಎರಡು ವರ್ಷ ನಾನು ತಪ್ಪು ಬಾಗಿಲನ್ನು ಕಾಯುತ್ತಿದ್ದೆ.

ಈಗ ದಿನಾ ಬೆಳಿಗ್ಗೆ ಮೊದಲ ಮುಕ್ಕಾಲು ಗಂಟೆ 15 ಪಾರ್ಟಿಗಳ ಪೋರ್ಟಲ್ ತೆರೆಯುತ್ತೇವೆ. ಲಾಗಿನ್, ಕ್ಯಾಪ್ಚಾ, ನೋಟಿಸ್ ಇರುವ ಎರಡು ಜಾಗ, ಹೊರಗೆ. ಎರಡು ಜಾಗ ಅಂದೆ, ಇದನ್ನು ಹೊಸಬರು ಗಮನಿಸಬೇಕು. 'ನೋಟಿಸಸ್ ಅಂಡ್ ಆರ್ಡರ್ಸ್' ಒಂದು, 'ಅಡಿಷನಲ್ ನೋಟಿಸಸ್' ಇನ್ನೊಂದು. ಎರಡನೆಯದನ್ನು ಮರೆತು ಕೆಟ್ಟವರು ಬಹಳ ಜನ. ಒಂದು ಪಾರ್ಟಿಗೆ ಮೂರು ನಿಮಿಷ ಸಾಕು. ನಾಲ್ಕು ದಿನಕ್ಕೆ 58 ಪಾರ್ಟಿಯೂ ಒಂದು ಸುತ್ತು ಮುಗಿಯುತ್ತದೆ. ನನಗೆ ಸಾಮಾನ್ಯವಾಗಿ ಬರುವ ನೋಟಿಸುಗಳಲ್ಲಿ ಕಡಿಮೆ ಗಡುವು 7 ದಿನ, ಕೆಲವಕ್ಕೆ 30 ದಿನ. ನಾಲ್ಕನೇ ದಿನ ಕಂಡರೂ ಕೈಯಲ್ಲಿ ಮೂರು ದಿನ ಉಳಿಯುತ್ತದೆ. ಕಂಡದ್ದನ್ನು ಒಂದು ಉದ್ದನೆ ರಿಜಿಸ್ಟರ್‌ನಲ್ಲಿ ಬರೆಯುತ್ತೇವೆ. ಪಾರ್ಟಿ, ಬಂದ ದಿನ, ಕೊನೆ ದಿನ, ಯಾರು ನೋಡುತ್ತಾರೆ. ಅಷ್ಟೇ. ಆ ರಿಜಿಸ್ಟರ್ ನನ್ನ ಮೇಜಿನ ಮೇಲೆ ಇರುವವರೆಗೆ ಹೊಟ್ಟೆ ಕಲಸುವುದಿಲ್ಲ. ಎರಡನೇ ವಾರದಲ್ಲೇ ನನ್ನ ಕೈ ತಾನಾಗಿ ಮೇಲ್ ಕಡೆ ಹೋಗುವುದು ಕಡಿಮೆಯಾಯಿತು. ನನಗೇ ಆಶ್ಚರ್ಯ.

ಓಟಿಪಿಗೆ ಜಾಸ್ತಿ ದಿನ ಹಿಡಿಯಿತು. ಪೋರ್ಟಲ್‌ಗೆ ಅಂತಲೇ ಒಂದು ಹೊಸ ಮೇಲ್ ಐಡಿ ಮಾಡಿದೆ. ಯಾರಿಗೂ ಅದನ್ನು ಕೊಟ್ಟಿಲ್ಲ, ಬಿಲ್‌ಗಳು ಅಲ್ಲಿಗೆ ಬರುವುದಿಲ್ಲ. ನನ್ನ ಐಡಿ ಹಾಕಿದ್ದ ಪಾರ್ಟಿಗಳನ್ನು ಒಬ್ಬೊಬ್ಬರನ್ನೇ ಕೂರಿಸಿ ಪೋರ್ಟಲ್‌ನಲ್ಲಿ ಬದಲಾಯಿಸಿದೆ. ಸೆಪ್ಟೆಂಬರ್‌ನಲ್ಲಿ ಶುರು ಮಾಡಿ ನವೆಂಬರ್‌ನಲ್ಲಿ ಮುಗಿಸಿದೆ. ಸಾಧ್ಯ ಇದ್ದವರಿಗೆ ಅವರದೇ ಐಡಿ ಮಾಡಿಕೊಟ್ಟೆ, ಅದೇ ಸರಿಯಾದ ದಾರಿ. ಈಗ ಓಟಿಪಿಗೆ ಅಂತ ಆ ಡಬ್ಬಿ ತೆರೆದರೆ ಅಲ್ಲಿ ಓಟಿಪಿ ಮತ್ತು ಪೋರ್ಟಲ್‌ನ ಕಾಗದ ಬಿಟ್ಟು ಬೇರೇನೂ ಇರುವುದಿಲ್ಲ. ಇದೇ ತೊಂದರೆ ಇರುವ ನನ್ನ ವೃತ್ತಿಯವರಿಗೆ ಒಂದೇ ಒಂದು ಕೆಲಸ ಹೇಳು ಅಂದರೆ ಇದನ್ನೇ ಹೇಳುತ್ತೇನೆ.

ಉಳಿದ ಮೇಲ್ ಮೂರು ಸಲ. ಪೋರ್ಟಲ್ ಸುತ್ತು ಮುಗಿದ ಮೇಲೆ ಹನ್ನೊಂದಕ್ಕೆ, ಊಟಕ್ಕೆ ಮೊದಲು ಒಂದೂವರೆಗೆ, ಸಂಜೆ ಐದೂವರೆಗೆ. ಪರದೆಯ ಮೂಲೆಯಲ್ಲಿ ಬರುವ ಸೂಚನೆ ಕಂಪ್ಯೂಟರ್‌ನಲ್ಲೂ ಬಂದ್, ಮೊಬೈಲ್‌ನಲ್ಲೂ ಬಂದ್. ಬಂದ ಬಿಲ್‌ಗಳನ್ನು ಪಾರ್ಟಿಯ ಫೋಲ್ಡರ್‌ಗೆ ಹಾಕುವುದು ಹುಡುಗಿಯ ಕೆಲಸ.

ಪಾರ್ಟಿಗಳಿಗೆ ಹೇಳುವುದು ಕಷ್ಟ ಅಂದುಕೊಂಡಿದ್ದೆ. ನಮ್ಮ ಊರಲ್ಲಿ ಮೇಲ್ ಕಳಿಸಿದ ತಕ್ಷಣ ಫೋನ್ ಬರುತ್ತದೆ. "ಅಕ್ಕಾ, ಮೇಲ್ ಹಾಕಿ ಹತ್ತು ನಿಮಿಷ ಆತು. ನೋಡಿಲ್ಲೇನ್ರೀ?" ನಾನು ಎಲ್ಲರಿಗೂ ಒಂದೇ ಮಾತು ಹೇಳಿದೆ. "ಬಿಲ್ಲು, ಸ್ಟೇಟ್‌ಮೆಂಟು ಮೇಲ್‌ಗೆ ಹಾಕಿ. ನಾನು ಮೂರು ಹೊತ್ತು ನೋಡುತ್ತೇನೆ. ಲಾರಿ ರಸ್ತೆಯಲ್ಲಿ ನಿಂತಿದೆ, ಅಧಿಕಾರಿ ಅಂಗಡಿಗೆ ಬಂದಿದ್ದಾರೆ ಅಂದರೆ ಫೋನ್ ಮಾಡಿ. ಎಷ್ಟೊತ್ತಿಗಾದರೂ ಎತ್ತುತ್ತೇನೆ." ಬಹುತೇಕರು "ಹ್ಞೂಂ ಆಯ್ತ್ರೀ" ಅಂದರು. ಒಬ್ಬ ಹಾರ್ಡ್‌ವೇರ್ ಅಂಗಡಿಯವರಿಗೆ ಹಿಡಿಸಲಿಲ್ಲ. ಬೇರೆಯವರ ಹತ್ತಿರ ಹೋದರು. ಬೇಜಾರಾಯಿತು, ಹಳೆ ಪಾರ್ಟಿ. ಆದರೂ ನಿಯಮ ಬಿಡಲಿಲ್ಲ. ಅವಸರದ ಫೋನ್ ತಿಂಗಳಿಗೆ ನಾಲ್ಕೋ ಐದೋ ಬರುತ್ತವೆ, ಅಷ್ಟೇ.

ಫೋನ್ ಬಂದಾಗ ತಾಳೆ ನೋಡುವುದು ನಿಲ್ಲಬೇಕಾಗುತ್ತದೆ. ಅದಕ್ಕೆ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಎತ್ತುವ ಮೊದಲು ಸಾಲಿನ ನಂಬರ್ ಮತ್ತು ಮುಂದೆ ಏನು ಮಾಡಬೇಕು ಅಂತ ಬರೆಯುವುದು. "214, ಸೇರಿಸಿದೆ, ಹಳದಿ ಬಾಕಿ." ಮೂರು ರಿಂಗ್ ಆಗುವಷ್ಟರಲ್ಲಿ ಬರೆದು ಮುಗಿಯುತ್ತದೆ. ಇದು ನಾನೇ ಕಂಡುಕೊಂಡದ್ದು ಅಂದುಕೊಂಡಿದ್ದೆ. ಆಮೇಲೆ ಓದಿದರೆ ಅದೇ ಲೆರಾಯ್ ಅವರು ಥೆರೆಸಾ ಗ್ಲಾಂಬ್ ಜೊತೆ 2018ರಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ಎಲ್ಲಿಗೆ ನಿಲ್ಲಿಸಿದೆ, ವಾಪಸ್ ಬಂದು ಏನು ಮಾಡುತ್ತೇನೆ ಅಂತ ಗುರುತು ಹಾಕಿ ಹೋದರೆ ಮನಸ್ಸು ಹಿಂದೆ ಎಳೆಯುವುದಿಲ್ಲ ಅಂತ.

ಬದಲಾದದ್ದು ಏನು ಅಂದರೆ, ಆ ಜೀನ್ಸ್ ಯೂನಿಟ್‌ನ ಒಂದು ತಿಂಗಳ ತಾಳೆ ನನಗೆ ಮೊದಲು ಒಂದು ಪೂರ್ತಿ ದಿನ ಹಿಡಿಯುತ್ತಿತ್ತು. ಈಗ ಹನ್ನೊಂದೂವರೆಗೆ ಕೂತರೆ ಊಟದ ಹೊತ್ತಿಗೆ ಮುಕ್ಕಾಲು ಮುಗಿದಿರುತ್ತದೆ. ಬಿಲ್‌ಗಳು ಕಡಿಮೆಯಾಗಿಲ್ಲ. ಸಂಜೆ ತಲೆ ಸಿಡಿಯುವುದು ನಿಂತಿದೆ. ಮೊದಲೆಲ್ಲ ಏಪ್ರಿಲ್, ಮೇ ಬಿಸಿಲಿನದೇ ತಲೆನೋವು ಅಂದುಕೊಳ್ಳುತ್ತಿದ್ದೆ, ನಮ್ಮೂರ ಬಿಸಿಲು ಗೊತ್ತಲ್ಲ. ಡಿಸೆಂಬರ್‌ನಲ್ಲೂ ಬರುತ್ತಿತ್ತು ಅನ್ನುವುದು ಈಗ ನೆನಪಾಗುತ್ತದೆ.

ಎಲ್ಲರಿಗೂ ಇದು ಹೊಂದುತ್ತದೆ ಅಂತ ಹೇಳಲಾರೆ. ನಮ್ಮ ಪಕ್ಕದ ಆಫೀಸು ತೋರಣಗಲ್ಲಿನ ಕಾರ್ಖಾನೆ ಕಡೆ ಲಾರಿ ಕಳಿಸುವವರದ್ದು. ಯಾವ ಗಾಡಿ ಎಷ್ಟೊತ್ತಿಗೆ ಒಳಗೆ ಹೋಗಬೇಕು ಅನ್ನುವುದು ಅವರಿಗೆ ಮೇಲ್‌ನಲ್ಲೇ ಬರುತ್ತದೆ. ಮೇಲ್ ನೋಡುವುದೇ ಅಲ್ಲಿನ ಕೆಲಸ. ನನ್ನ ಹಾಗೆ ಮೂರು ಸಲ ಅಂದರೆ ಗಾಡಿ ಗೇಟಿನಲ್ಲಿ ನಿಲ್ಲುತ್ತದೆ. ಅವರು ಒಬ್ಬ ಹುಡುಗನನ್ನು ಮೇಲ್‌ಗೇ ಕೂರಿಸಿ, ಬಿಲ್ ಬರೆಯುವವನಿಗೆ ಮೇಲ್ ಮುಟ್ಟಬೇಡ ಅಂದಿದ್ದಾರೆ. ಅದು ಒಳ್ಳೆಯ ಏರ್ಪಾಡು ಅನಿಸಿತು. ಒಬ್ಬರೇ ಎರಡನ್ನೂ ಮಾಡುವ ಕಡೆಯೇ ಕೆಡುವುದು.

ನನಗೂ 20ನೇ ತಾರೀಖು ಇನ್ನೂ ಹಿಡಿತಕ್ಕೆ ಬಂದಿಲ್ಲ. ಆವತ್ತು ಪೋರ್ಟಲ್ ನಿಧಾನ, ತಡ ಮಾಡಿದರೆ ದಿನಕ್ಕೆ 50 ರೂಪಾಯಿ ದಂಡ, ಕೊನೆ ಗಳಿಗೆಯಲ್ಲಿ ಬಿಲ್ ಕಳಿಸುವ ಪಾರ್ಟಿಗಳು. ಹೋದ ತಿಂಗಳು 20ಕ್ಕೆ ಹುಡುಗಿಯ ಕೈಯಲ್ಲಿ ಮತ್ತೆ ಹಾಳೆ ಕೊಟ್ಟೆ. 14 ಗೀಟು ಬಿದ್ದವು. ಇಬ್ಬರೂ ಕೂತು ಒಂದೊಂದನ್ನೂ ಯಾಕೆ ತೆರೆದೆ ಅಂತ ಬರೆದೆವು. ಬೇಕಾಗಿದ್ದದ್ದು ಐದು. ಉಳಿದ ಒಂಬತ್ತರಲ್ಲಿ ಆರು, ಒಂದೇ ಪಾರ್ಟಿಯ ಬಿಲ್ ಬಂತೇನೋ ಅಂತ ನೋಡಿದ್ದು. ಆ ಪಾರ್ಟಿಯವರಿಗೆ 18ರೊಳಗೆ ಬಿಲ್ ಕೊಡಿ ಅಂತ ಹೇಳಿ ಬಂದಿದ್ದೇನೆ. ಬರುವ 20ಕ್ಕೆ ಮತ್ತೆ ಎಣಿಸುತ್ತೇವೆ.